ಗ್ರಾಮಸಭೆಯ ಕ್ಷೇತ್ರ ಅಧ್ಯಯನ: ದಾಖಲೆ ಮೊದಲು, ಪ್ರಶ್ನಾವಳಿ ಕೊನೆಗೆ

ಸ್ಥಳೀಯ ಆಡಳಿತದಲ್ಲಿ ಜನರ ಪಾಲ್ಗೊಳ್ಳುವಿಕೆ ಕುರಿತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಎಂ.ಎ. ಕಿರುಪ್ರಬಂಧ, ಪಿಎಚ್‌.ಡಿ. ಅಧ್ಯಯನ ಕೈಗೊಳ್ಳುವವರು ಪದೇ ಪದೇ ಎಡವುವುದು ಒಂದೇ ಕಡೆ. ವಿಷಯ ಒಪ್ಪಿಗೆಯಾದ ವಾರವೇ ಉದ್ದನೆಯ ಪ್ರಶ್ನಾವಳಿ ಸಿದ್ಧವಾಗುತ್ತದೆ. ಪಂಚಾಯಿತಿ ಕಚೇರಿ ಎದುರು ಸಿಕ್ಕವರಿಂದ ಅದನ್ನು ತುಂಬಿಸಲಾಗುತ್ತದೆ. "ಗ್ರಾಮಸಭೆ ಗೊತ್ತಾ?" ಎಂದರೆ ಹೌದು, "ಭಾಗವಹಿಸುತ್ತೀರಾ?" ಎಂದರೆ ಹೌದು. ಆ ಹೌದುಗಳನ್ನು ಕೋಷ್ಟಕಕ್ಕೆ ಹಾಕಿ, ಅರಿವು ಹೆಚ್ಚಿಸಬೇಕು ಎಂಬ ಸಲಹೆಯೊಂದಿಗೆ ಪ್ರಬಂಧ ಮುಗಿಯುತ್ತದೆ. ಆ ಊರಲ್ಲಿ ಯಾರ ಮಾತಿಗೆ ಬೆಲೆ ಸಿಕ್ಕಿತು, ಯಾರ ಮಾತು ಗಾಳಿಗೆ ಹೋಯಿತು ಎಂಬುದು ಅದರಲ್ಲಿ ಎಲ್ಲೂ ಇರುವುದಿಲ್ಲ.

ಕೆಲಸದ ಕ್ರಮ ತಲೆಕೆಳಗಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಮೊದಲು ಕಾಯ್ದೆ, ಆಮೇಲೆ ದಾಖಲೆ, ಆಮೇಲೆ ಸಭೆಯಲ್ಲಿ ಕೂತು ನೋಡುವುದು, ನಂತರ ಜನರು ಇಟ್ಟ ಬೇಡಿಕೆಗಳ ಬೆನ್ನು ಹತ್ತುವುದು. ಪ್ರಶ್ನಾವಳಿ ಬರಬೇಕಾದದ್ದು ಇವೆಲ್ಲ ಆದ ಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

## ಬೇಕಾಗುವ ಸಾಮಾನು

ಗಟ್ಟಿ ರಟ್ಟಿನ ಎರಡು ನೋಟ್‌ಬುಕ್: ಒಂದು ಕಂಡದ್ದನ್ನು ಬರೆಯಲು, ಇನ್ನೊಂದು ನಿಮಗೆ ಅನಿಸಿದ್ದನ್ನು ಬರೆಯಲು. ಇವೆರಡನ್ನು ಬೆರೆಸಬೇಡಿ. ಸಮಯ ಅಳೆಯಲು ಮೊಬೈಲ್. ಪಂಚಾಯಿತಿಯ ಎಲ್ಲ ವಾರ್ಡ್‌ಗಳ ಮತದಾರರ ಪಟ್ಟಿ. ಊರು, ಕೇರಿ, ತಾಂಡಾ, ಅಂಗನವಾಡಿ, ಬೋರ್‌ವೆಲ್ ಗುರುತಿಸಿದ ಕೈನಕ್ಷೆ. ಎಕ್ಸೆಲ್ ಬಂದರೆ ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ಇದೆಲ್ಲಕ್ಕಿಂತ ಮುಖ್ಯವಾಗಿ ಜೊತೆಗೊಬ್ಬರು ಬೇಕು, ಸಾಧ್ಯವಾದರೆ ಹೆಣ್ಣುಮಕ್ಕಳು. ಗಂಡು ಸಂಶೋಧಕ ಒಬ್ಬನೇ ಹೋದರೆ ಅರ್ಧ ಊರಿನ ಮಾತು ಅವನಿಗೆ ಸಿಗುವುದಿಲ್ಲ.

## ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ಕಲ್ಯಾಣ ಕರ್ನಾಟಕದಲ್ಲಿ ವಿಕೇಂದ್ರೀಕರಣ ಮತ್ತು ಜನರ ಪಾಲ್ಗೊಳ್ಳುವಿಕೆ" ಎಂಬುದು ಗ್ರಂಥಮಾಲೆಗೆ ಸಾಕಾಗುವಷ್ಟು ದೊಡ್ಡದು. "ಸುರಪುರ ತಾಲ್ಲೂಕಿನ ಎರಡು ಪಂಚಾಯಿತಿಗಳಲ್ಲಿ, ಎರಡು ವರ್ಷಗಳ ಗ್ರಾಮಸಭೆಗಳಲ್ಲಿ ಹೆಣ್ಣುಮಕ್ಕಳು ಇಟ್ಟ ನೀರಿನ ಬೇಡಿಕೆ ಎಷ್ಟರಮಟ್ಟಿಗೆ ಕ್ರಿಯಾ ಯೋಜನೆಗೆ ಸೇರಿತು?" ಎಂದರೆ ಅದು ಒಬ್ಬರು ಉತ್ತರಿಸಬಹುದಾದ ಪ್ರಶ್ನೆ. (ಕ್ರಿಯಾ ಯೋಜನೆ ಎಂದರೆ ಪಂಚಾಯಿತಿ ಆ ವರ್ಷ ಮಾಡಲಿರುವ ಕೆಲಸಗಳ ಪಟ್ಟಿ.)

ಪಾಲ್ಗೊಳ್ಳುವಿಕೆ ಎಂದರೆ ಏನೆಂದು ಮೊದಲೇ ತೀರ್ಮಾನಿಸಿ, ಬರೆದಿಡಿ. ಬಹಳ ಮಂದಿ ಇಲ್ಲಿ ಅಮೆರಿಕದ ಸಂಶೋಧಕಿ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಮುಂದಿಟ್ಟ, ಜನರ ಕೈಗೆ ಎಷ್ಟು ಅಧಿಕಾರ ಬಂತು ಎಂದು ಅಳೆಯುವ ಎಂಟು ಮೆಟ್ಟಿಲಿನ ಏಣಿಯನ್ನು ತಂದು ನಿಲ್ಲಿಸುತ್ತಾರೆ. ತಿಳಿಸುವುದು ಬೇರೆ, ಅಭಿಪ್ರಾಯ ಕೇಳುವುದು ಬೇರೆ, ತೀರ್ಮಾನದ ಅಧಿಕಾರ ಕೊಡುವುದು ಬೇರೆ ಎಂದು ಮನದಟ್ಟು ಮಾಡಿಕೊಳ್ಳಲು ಅದು ಒಳ್ಳೆಯದೇ. ಆದರೆ ಅದು ಅಮೆರಿಕದ ನಗರ ಯೋಜನೆಗಳನ್ನು ನೋಡಿ ಕಟ್ಟಿದ್ದು. ನಮ್ಮ ಗ್ರಾಮಸಭೆಗೆ ಕಾಯ್ದೆಯೇ ಅಧಿಕಾರ ಕೊಟ್ಟಿದೆ, ಆಚರಣೆಯಲ್ಲಿ ಅದು ಎಲ್ಲಿ ಸೋರಿಹೋಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ಆದ್ದರಿಂದ ನಾಲ್ಕೇ ಮಟ್ಟ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ: ಸಭೆಗೆ ಬಂದವರು, ಬಂದು ಮಾತಾಡಿದವರು, ಆಡಿದ ಮಾತು ನಡವಳಿ ಪುಸ್ತಕಕ್ಕೆ (ಸಭೆಯ ಕಲಾಪ ಬರೆದಿಡುವ ಪುಸ್ತಕಕ್ಕೆ) ಸೇರಿದವರು, ಸೇರಿದ ಮಾತು ಕೆಲಸವಾಗಿ ಹೊರಬಂದವರು. ಅಧ್ಯಯನದ ತಿರುಳು ಸಿಗುವುದು ಒಂದು ಮಟ್ಟದಿಂದ ಮುಂದಿನದಕ್ಕೆ ಹೋಗುವಾಗ ಯಾರು ಉದುರಿದರು ಎಂಬಲ್ಲಿ.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಗೆ ಹಳ್ಳಿಗೆ ಹೋಗದೆ ಉತ್ತರ ಬರೆಯಬಹುದು ಎನಿಸಿದರೆ ಪ್ರಶ್ನೆ ಬದಲಿಸಿ.

## ಹಂತ 2: ಕಾಯ್ದೆಯನ್ನು ಕಾಯ್ದೆಯಿಂದಲೇ ಓದಿ

ಹಳೆಯ ಪ್ರಬಂಧದಿಂದ ಕಾಯ್ದೆಯ ಅಧ್ಯಾಯ ನಕಲು ಮಾಡುವ ರೂಢಿ ಬಿಡಬೇಕು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಗ್ರಾಮಸಭೆಯ ವ್ಯಾಖ್ಯೆ 243ನೇ ವಿಧಿಯಲ್ಲಿದೆ, ಅಧಿಕಾರದ ಮಾತು 243ಎ ವಿಧಿಯಲ್ಲಿದೆ. ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮಕ್ಕೆ 2015ರಲ್ಲಿ ವ್ಯಾಪಕ ತಿದ್ದುಪಡಿಯಾಗಿ, ಹೆಸರೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಬದಲಾಯಿತು. ತಿದ್ದುಪಡಿಗೆ ಮುಂಚಿನ ಪ್ರತಿ ಇಟ್ಟುಕೊಂಡು ಬರೆದ ಪ್ರಬಂಧಗಳು ಇಂದಿಗೂ ಬರುತ್ತಿವೆ.

ಓದುವಾಗ ಈ ಮೂರನ್ನು ಗುರುತು ಹಾಕಿಕೊಳ್ಳಿ. ಗ್ರಾಮಸಭೆಯ ಸದಸ್ಯರು ಯಾರು? ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ನಿಮ್ಮ ಮಾದರಿಯನ್ನು, ಅಂದರೆ ಪ್ರಶ್ನೆ ಕೇಳಲು ಆರಿಸುವ ಜನರನ್ನು, ಎಲ್ಲಿಂದ ತೆಗೆಯಬೇಕು ಎಂಬುದಕ್ಕೂ ಇದೇ ಉತ್ತರ. ಎರಡನೆಯದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ: ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30ಕ್ಕೆ ಕಡಿಮೆ ಇಲ್ಲದಂತೆ ಹೆಣ್ಣುಮಕ್ಕಳಿರಬೇಕು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮೂರನೆಯದು ಗ್ರಾಮಸಭೆಗೆ ಮುಂಚಿನ ಮೆಟ್ಟಿಲುಗಳು: ಜನವಸತಿ ಸಭೆ ಮತ್ತು ವಾರ್ಡ್ ಸಭೆ. ಬೇಡಿಕೆ ಹುಟ್ಟಬೇಕಾದದ್ದು ಅಲ್ಲಿ. ವಾರ್ಡ್ ಸಭೆ ಕಾಗದದ ಮೇಲಷ್ಟೇ ನಡೆದ ಊರಲ್ಲಿ ಗ್ರಾಮಸಭೆಗೆ ಬರುವ ಪಟ್ಟಿ ಎಲ್ಲಿ ತಯಾರಾಯಿತು? ಈ ಪ್ರಶ್ನೆಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಗ್ಗೆ ಒಂದು ಮಾತು. ನಮ್ಮ ಭಾಗದ ಯಾವ ಪ್ರಬಂಧ ತೆರೆದರೂ 98ನೇ ತಿದ್ದುಪಡಿ, ಪ್ರದೇಶಾಭಿವೃದ್ಧಿ ಮಂಡಳಿ ಎಂದು ಪುಟಗಟ್ಟಲೆ ಇರುತ್ತದೆ. ನಿಮ್ಮ ಪಂಚಾಯಿತಿಯ ಕೆಲಸಕ್ಕೆ ಮಂಡಳಿಯ ದುಡ್ಡು ಬಂದಿದ್ದರೆ, ಆ ಕೆಲಸವನ್ನು ಆರಿಸುವಾಗ ಗ್ರಾಮಸಭೆಯನ್ನು ಕೇಳಿದರೋ ಇಲ್ಲವೋ ಎಂಬುದನ್ನು ಬರೆಯಿರಿ. ಅಂಥದ್ದೇನೂ ಇಲ್ಲದಿದ್ದರೆ ಒಂದು ಪ್ಯಾರಾ ಸಾಕು.

## ಹಂತ 3: ಪಂಚಾಯಿತಿಯನ್ನು ಆರಿಸುವುದು

ಗುರುತಿನ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇರುವ ಊರು, ಬೈಕಿನಲ್ಲಿ ಬೇಗ ಮುಟ್ಟುವ ಊರು, ಮಾವನ ಊರು. ಹೀಗೆ ಆರಿಸಿದರೆ ಮುಂದೆ ಮೌಖಿಕ ಪರೀಕ್ಷೆಯಲ್ಲಿ ಬಾಯಿ ಕಟ್ಟುತ್ತದೆ. ಕನಿಷ್ಠ ಎರಡು ಪಂಚಾಯಿತಿ ತೆಗೆದುಕೊಳ್ಳಿ, ಒಂದು ಮುಖ್ಯ ವಿಷಯದಲ್ಲಿ ಅವು ಬೇರೆಯಾಗಿರಲಿ: ಒಂದು ತಾಲ್ಲೂಕು ಕೇಂದ್ರಕ್ಕೆ ಹತ್ತಿರ, ಇನ್ನೊಂದು ದೂರ. ಇಲ್ಲವೇ ಒಂದರಲ್ಲಿ ತಾಂಡಾಗಳಿವೆ, ಇನ್ನೊಂದರಲ್ಲಿ ಇಲ್ಲ. ಉಳಿದ ವಿಷಯಗಳಲ್ಲಿ ಆದಷ್ಟು ಹೋಲಿಕೆ ಇರಲಿ.

ಈ ಮೂರು ಜಿಲ್ಲೆಗಳಲ್ಲಿ ಅಂಕಿಸಂಖ್ಯೆ ಬಳಸುವಾಗ ಒಂದು ದೊಡ್ಡ ಗುಂಡಿಯಿದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. 2001ರ ಜನಗಣತಿಯ ಪ್ರಕಟಿತ ಪುಸ್ತಕದಲ್ಲಿ ಗುಲಬರ್ಗಾ ಎಂದರೆ ಯಾದಗಿರಿಯೂ ಸೇರಿದ ಗುಲಬರ್ಗಾ. ಅದನ್ನು 2011ರ ಕಲಬುರಗಿಯೊಂದಿಗೆ ನೇರವಾಗಿ ಹೋಲಿಸಿ ಏರಿಕೆ, ಇಳಿಕೆ ಎಂದು ಬರೆಯುವಂತಿಲ್ಲ. ತಾಲ್ಲೂಕಿನ ಮಟ್ಟದಲ್ಲೂ ಹೀಗೆಯೇ. ಯಡ್ರಾಮಿ, ಕಾಳಗಿ, ಕಮಲಾಪುರ, ಶಹಾಬಾದ್, ಹುಣಸಗಿ, ವಡಗೇರಾ, ಗುರುಮಠಕಲ್, ಹುಲಸೂರು, ಚಿಟಗುಪ್ಪ, ಕಮಲನಗರ ಇವೆಲ್ಲ 2011ರ ಜನಗಣತಿಯ ನಂತರ ತಾಲ್ಲೂಕಾದವು. 2011ರ ಜೇವರ್ಗಿ ಅಂಕಿಯಲ್ಲಿ ಇಂದಿನ ಯಡ್ರಾಮಿ ಇದೆ, ಸುರಪುರದ ಅಂಕಿಯಲ್ಲಿ ಹುಣಸಗಿ ಇದೆ. ಆದ್ದರಿಂದ ತಾಲ್ಲೂಕಿನ ಸರಾಸರಿಯನ್ನು ಕಣ್ಣುಮುಚ್ಚಿ ಎತ್ತದೆ, ಹಳ್ಳಿಗಳ ಮಟ್ಟದ ಅಂಕಿ ತೆಗೆದು ನೀವೇ ಕೂಡಿಸಿ.

2011ರಲ್ಲಿ ಸಾಕ್ಷರತೆ ಯಾದಗಿರಿಯಲ್ಲಿ ಶೇ 51.8, ಕಲಬುರಗಿಯಲ್ಲಿ ಶೇ 64.9, ಬೀದರ್‌ನಲ್ಲಿ ಶೇ 70.5 ಇತ್ತು. ಹಿನ್ನೆಲೆ ಅಧ್ಯಾಯದ ಅಲಂಕಾರಕ್ಕಾಗಿ ಈ ಅಂಕಿಗಳನ್ನು ಹೇಳುತ್ತಿಲ್ಲ. ಬರವಣಿಗೆಯ ಒಪ್ಪಿಗೆ ಪತ್ರ, ಬರವಣಿಗೆಯ ಪ್ರಶ್ನಾವಳಿ ನೆಚ್ಚಿಕೊಂಡು ಯಾದಗಿರಿಗೆ ಹೋದರೆ ಊರಿನ ಅರ್ಧ ಜನರನ್ನು ಬಾಗಿಲಲ್ಲೇ ಬಿಟ್ಟಂತೆ ಎಂದು ಅವು ತಿಳಿಸುತ್ತವೆ.

ಪಂಚಾಯಿತಿಯ ಅವಧಿ ನಡೆಯುತ್ತಿದೆಯೋ, ಮುಗಿದು ಆಡಳಿತಾಧಿಕಾರಿ ಇದ್ದಾರೋ ಎಂದೂ ವಿಚಾರಿಸಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಚುನಾಯಿತ ಸದಸ್ಯರು ಕೂತ ಸಭೆಯನ್ನು, ಅಧಿಕಾರಿಯೊಬ್ಬರೇ ನಡೆಸಿದ ಸಭೆಯನ್ನು ಒಂದೇ ರಾಶಿಗೆ ಹಾಕಬೇಡಿ.

## ಹಂತ 4: ಅನುಮತಿ ಮತ್ತು ಪರಿಚಯ

ವಿಭಾಗದ ಮುಖ್ಯಸ್ಥರ ಸಹಿಯಿರುವ ಪತ್ರವನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಕೊಟ್ಟು, ತಾಲ್ಲೂಕು ಪಂಚಾಯಿತಿಗೂ ಪಿಡಿಒಗೂ ಪ್ರತಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿಶ್ವವಿದ್ಯಾಲಯದಲ್ಲಿ ನೈತಿಕತಾ ಸಮಿತಿ ಇದ್ದರೆ ಅದರ ಒಪ್ಪಿಗೆ ಇದಕ್ಕೂ ಮುಂಚೆ.

ಊರಿಗೆ ಪಿಡಿಒ ಜೀಪಿನಲ್ಲಿ ಇಳಿಯಬೇಡಿ. ಅಧ್ಯಕ್ಷರ ಮನೆಯಲ್ಲಿ ಊಟಕ್ಕೆ ಕೂತು ಅಲ್ಲಿಂದಲೇ ಕೇರಿಗೆ ಹೋಗಬೇಡಿ. ಮೊದಲ ದಿನ ಯಾರ ಜೊತೆ ಕಂಡಿರೋ ಅವರ ಮಂದಿ ಎಂದೇ ಕೊನೆಯವರೆಗೆ ನಿಮ್ಮನ್ನು ಎಣಿಸುತ್ತಾರೆ. ಶಾಲೆಯ ಮಾಸ್ತರು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದವರು, ಗ್ರಂಥಾಲಯದವರು ಹೀಗೆ ಬೇರೆ ಬೇರೆ ಬಾಗಿಲುಗಳಿಂದ ಒಳಹೋಗಿ. "ಮನೆ ಮಂಜೂರು ಮಾಡಸ್ತೀರೇನ್ರೀ?" ಎಂದು ಕೇಳಿದವರಿಗೆ ಆಗುವುದಿಲ್ಲವೆಂದು ಅಲ್ಲೇ, ಸ್ಪಷ್ಟವಾಗಿ ಹೇಳಿ. ನೋಡೋಣ ಎಂದರೂ ಅದು ವಾಗ್ದಾನವಾಗುತ್ತದೆ.

ಒಪ್ಪಿಗೆಯನ್ನು ಓದಿ ಹೇಳಿ, ಬಾಯಿಂದ ಪಡೆದು, ಸಾಕ್ಷಿಯ ಎದುರು ದಾಖಲಿಸಿ. ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಬೇಡಿ, ಅದಕ್ಕೆ ಜನ ಹೆದರುವುದು ಸಹಜ. ಆಧಾರ್ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ ನಿಮಗೆ ಬೇಕಿಲ್ಲ.

## ಹಂತ 5: ದಾಖಲೆಗಳು

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ, ಎಲ್ಲರೂ ಹಾರಿಸಿಬಿಡುವ ಹಂತ ಇದು. ಪ್ರತಿ ಸಭೆಗೂ ಐದು ದಾಖಲೆ ಹುಡುಕಿ: ನೋಟಿಸ್, ಹಾಜರಾತಿ ಪುಸ್ತಕ, ನಡವಳಿ ಪುಸ್ತಕ, ಫೋಟೊ ಅಥವಾ ವಿಡಿಯೊ, ನಂತರ ಅನುಮೋದನೆಯಾದ ಕ್ರಿಯಾ ಯೋಜನೆ. ಕ್ರಿಯಾ ಯೋಜನೆ ಮತ್ತು ಖರ್ಚಿನ ವಿವರ ಪಂಚತಂತ್ರ, ಇ-ಗ್ರಾಮ ಸ್ವರಾಜ್ ಎಂಬ ಸರ್ಕಾರಿ ಜಾಲತಾಣಗಳಲ್ಲೂ ಸಿಗುತ್ತವೆ. ತಾಣದಲ್ಲಿರುವುದು ಮತ್ತು ಕಚೇರಿಯ ಕಡತದಲ್ಲಿರುವುದು ಎರಡನ್ನೂ ತೆಗೆದು ತಾಳೆ ನೋಡಿ.

ಮೊದಲು ಪತ್ರ ಬರೆದು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಎಂಟು ವಿಷಯಗಳನ್ನು ಒಂದರಲ್ಲೇ ತುರುಕಿದ ಅರ್ಜಿ ತಿರಸ್ಕಾರವಾಗುವುದು ಇದೇ ಕಾರಣಕ್ಕೆ. "ಇಂಥ ದಿನದಿಂದ ಇಂಥ ದಿನದವರೆಗಿನ ಗ್ರಾಮಸಭೆಗಳ ನಡವಳಿ ಪುಸ್ತಕದ ಪ್ರತಿ" ಎಂದು ಬರೆದರೆ ಸಾಕು. "ಗ್ರಾಮಸಭೆ ಏಕೆ ಸರಿಯಾಗಿ ನಡೆಯುತ್ತಿಲ್ಲ?" ಎಂಬಂಥ ಪ್ರಶ್ನೆಗೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ಅದು ದಾಖಲೆ ಕೊಡಿಸುತ್ತದೆ ಅಷ್ಟೆ. ಪ್ರತಿ ತೆಗೆಯುವ ಖರ್ಚು ಜಾಸ್ತಿಯಾದರೆ ಕಚೇರಿಯಲ್ಲೇ ಕೂತು ದಾಖಲೆ ಪರಿಶೀಲಿಸುವ ಹಕ್ಕೂ ಇದೆ, ಅದನ್ನು ಕೇಳಿ. ಒಂದು ತಿಂಗಳು ಕಾಯುವ ಕೆಲಸವಾದ್ದರಿಂದ ಅರ್ಜಿಯನ್ನು ಅಧ್ಯಯನದ ಆರಂಭದಲ್ಲೇ ಹಾಕಿ.

ದಾಖಲೆ ಕೈಗೆ ಬಂದ ಮೇಲೆ ಈ ಗುರುತುಗಳಿಗಾಗಿ ನೋಡಿ:

- ಹಾಜರಾತಿಯ ಹಲವು ಹೆಸರು ಒಂದೇ ಕೈಬರಹ, ಒಂದೇ ಪೆನ್ನಿನಲ್ಲಿರುವುದು.
- ಪ್ರತಿ ಸಭೆಯ ಸಂಖ್ಯೆಯೂ 100ರ ಮೇಲೆ ಎರಡೋ ಮೂರೋ ಹೆಚ್ಚಿಗೆ ನಿಲ್ಲುವುದು.
- ಈ ವರ್ಷದ ನಡವಳಿಯ ವಾಕ್ಯಗಳು ಹೋದ ವರ್ಷದವೇ ಆಗಿರುವುದು, ದಿನಾಂಕ ಮಾತ್ರ ಬದಲಾಗಿರುವುದು.
- "ಸಭೆಯು ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಿತು" ಎಂಬ ಸಾಲು ಪ್ರತಿ ಠರಾವಿಗೂ ಇದ್ದು, ಯಾರು ಏನು ಕೇಳಿದರು ಎಂಬುದು ಒಮ್ಮೆಯೂ ಇಲ್ಲದಿರುವುದು.
- ಫೋಟೊದಲ್ಲಿ ಕಾಣುವ ಜನರಿಗಿಂತ ಸಹಿ ಬಹಳ ಹೆಚ್ಚಿರುವುದು.

ಇವು ಕಂಡ ಕೂಡಲೇ ನಕಲಿ ಎಂದು ಬರೆಯಬೇಡಿ. ಅಕ್ಷರ ಬಾರದವರ ಹೆಸರನ್ನು ಬಿಲ್ ಕಲೆಕ್ಟರ್ ಬರೆದು ಹೆಬ್ಬೆಟ್ಟು ಪಡೆದಿರಬಹುದು. ಸಭೆಯಾದ ಮೇಲೆ ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸಿರಲೂಬಹುದು. ಯಾವುದು ನಿಜವೆಂದು ಮುಂದಿನ ಹಂತಗಳಲ್ಲಿ ತಿಳಿಯುತ್ತದೆ. "ನಾ ಸಭೀಗ ಹೋಗಿಲ್ರಿ, ಸೈನ್ ಮಾಡೀನ್ರಿ" ಎಂದು ಒಬ್ಬ ತಾಯಿ ಹೇಳಿದರೆ ಆ ಮಾತು ಮತ್ತು ಹಾಜರಾತಿ ಪುಟ ಎರಡೂ ಸೇರಿ ಗಟ್ಟಿ ಸಾಕ್ಷ್ಯ. ಆದರೆ ಆ ತಾಯಿಯ ಗುರುತು ಎಲ್ಲೂ ಹೊರಬೀಳಬಾರದು.

## ಹಂತ 6: ಸಭೆಯಲ್ಲಿ ಕೂತು ನೋಡುವುದು

ಸಭೆ ಯಾವಾಗ ಎಂದು ಮೊದಲೇ ತಿಳಿಯುವುದು ಅರ್ಧ ಕೆಲಸ. 2018ರಿಂದ ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುವ ರೂಢಿ ಬಂದಿದೆ. ಅದರ ಸಭೆಗಳು ಮುಂದೆ ಹೋಗಿ ಹೋಗಿ ತೊಗರಿ ಕೊಯ್ಲು, ರಾಶಿಯ ದಿನಗಳಿಗೆ ಬಂದು ತಾಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ಯಾದಗಿರಿ ಕಡೆ ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ರಾಶಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗೆ ಗುಳೆ. ಸಭೆಯ ದಿನಾಂಕವನ್ನು ಈ ಕ್ಯಾಲೆಂಡರ್ ಮೇಲೆ ಇಟ್ಟು ನೋಡದೆ ಜನರಿಗೆ ಆಸಕ್ತಿಯಿಲ್ಲ ಎಂದು ಬರೆದರೆ ಊರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸಭೆಯ ಹಿಂದಿನ ದಿನವೇ ಊರಲ್ಲಿರಿ. ಡಂಗುರ ಹಾಕಿದರೇ, ಎಲ್ಲೆಲ್ಲಿ ಹಾಕಿದರು, ತಾಂಡಾಕ್ಕೆ ಸುದ್ದಿ ಮುಟ್ಟಿತೇ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಿ ಬಿಟ್ಟರೇ? ನೋಡಿ ಬರೆಯಿರಿ. ಸಭೆಯ ದಿನ ಅರ್ಧ ತಾಸು ಮುಂಚೆ ಹೋಗಿ ಜಾಗದ ಚಿತ್ರ ಬಿಡಿಸಿ: ಕುರ್ಚಿ ಯಾರಿಗೆ, ಜಮಖಾನೆ ಯಾರಿಗೆ, ಹೆಣ್ಣುಮಕ್ಕಳು ಎಲ್ಲಿ ಕೂತರು, ಹೊರಗೆ ಕಟ್ಟೆ ಮೇಲೆಯೇ ನಿಂತವರು ಯಾರು, ಗುಡಿಯ ಅಂಗಳದಲ್ಲಿ ಸಭೆ ಇಟ್ಟರೆ ಒಳಗೆ ಬರದೆ ಉಳಿದವರು ಯಾರು. ಸಭೆಯ ಜಾಗವೇ ಕೆಲವರನ್ನು ಹೊರಗಿಡುತ್ತದೆ. ಇದು ಪ್ರಶ್ನಾವಳಿಯಲ್ಲಿ ಬರುವುದಿಲ್ಲ, ಕಣ್ಣಿಗೆ ಕಾಣುತ್ತದೆ.

ಸಭೆ ನಡೆಯುವಾಗ ಒಬ್ಬರು ಮಾತಿನ ಪಟ್ಟಿ ಇಡಿ. ಪ್ರತಿ ಮಾತಿಗೆ ಒಂದು ಸಾಲು: ಮಾತಾಡಿದವರ ಕ್ರಮಸಂಖ್ಯೆ, ಹೆಣ್ಣೋ ಗಂಡೋ, ಯಾವ ವಾರ್ಡ್, ವಿಷಯ, ಎಷ್ಟು ಸೆಕೆಂಡು, ಉತ್ತರ ಕೊಟ್ಟವರು ಯಾರು, ಉತ್ತರದ ಬಗೆ. ಉತ್ತರಕ್ಕೆ ಐದು ಬಗೆ ಸಾಕು: ಒಪ್ಪಿದರು, ಕಾರಣ ಕೊಟ್ಟು ನಿರಾಕರಿಸಿದರು, ನೋಡೋಣ ಎಂದರು, ಬೇರೆ ಇಲಾಖೆಗೆ ಹೋಗಿ ಎಂದರು, ಉತ್ತರವೇ ಕೊಡಲಿಲ್ಲ. ಇನ್ನೊಬ್ಬರು ಅದೇ ಹೊತ್ತಿಗೆ ಜನರ ಎಣಿಕೆ ಮಾಡಿ: ಶುರುವಿನಲ್ಲಿ, ಅರ್ಧ ತಾಸಿಗೊಮ್ಮೆ, ಕೊನೆಯಲ್ಲಿ. ಮನೆ ಹಂಚಿಕೆಯ ಪಟ್ಟಿ ಓದುವವರೆಗೆ ತುಂಬಿದ್ದ ಅಂಗಳ ಆಮೇಲೆ ಖಾಲಿಯಾದರೆ, ಮುಂದಿನ ಠರಾವುಗಳಿಗೆ ಸರ್ವಾನುಮತ ಕೊಟ್ಟವರು ಎಷ್ಟು ಜನ ಎಂಬುದು ನಿಮ್ಮ ಎಣಿಕೆಯಿಂದ ಮಾತ್ರ ಗೊತ್ತಾಗುತ್ತದೆ.

ಅಧ್ಯಕ್ಷೆಯ ಪರವಾಗಿ ಗಂಡನೋ ಮಗನೋ ಮಾತಾಡುವುದನ್ನು ಎಲ್ಲರೂ ಬರೆಯುತ್ತಾರೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗಿರುವಾಗ ಇದು ಮುಖ್ಯವೇ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಅಧ್ಯಕ್ಷೆ ಯಾವ ವಿಷಯ ಬಂದಾಗ ತಾವೇ ಮಾತಾಡಿದರು, ಅವರನ್ನು ನೋಡಿ ಯಾವ ಹೆಣ್ಣುಮಕ್ಕಳು ಎದ್ದು ನಿಂತರು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿರಿ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ನಡೆದರೆ ಬಿಡದೆ ಹೋಗಿ. ಅಲ್ಲಿ ಬಂದ ಬೇಡಿಕೆ ಸಾಮಾನ್ಯ ಗ್ರಾಮಸಭೆಯವರೆಗೆ ಬಂತೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ನೀವು ಅಲ್ಲಿ ಮಾತಾಡಬೇಡಿ. "ಸರ್ ಬಂದಾರ, ಯುನಿವರ್ಸಿಟಿಯಿಂದ, ಎರಡು ಮಾತು ಹೇಳ್ರಿ" ಎಂದು ಮೈಕು ಕೊಟ್ಟರೆ ಕೈಮುಗಿದು ಕೂತುಬಿಡಿ. ವೇದಿಕೆ ಏರಿದ ಮೇಲೆ ಕೆಳಗಿನವರು ನಿಮ್ಮ ಜೊತೆ ಮನಬಿಚ್ಚಿ ಮಾತಾಡುವುದಿಲ್ಲ. ಧ್ವನಿಮುದ್ರಣ ಮಾಡುವುದಾದರೆ ಮೊದಲೇ ತಿಳಿಸಿ.

## ಹಂತ 7: ಬೇಡಿಕೆಯ ಬೆನ್ನು ಹತ್ತಿ

ಇಡೀ ಅಧ್ಯಯನದಲ್ಲಿ ಒಂದೇ ಹಂತ ಚೆನ್ನಾಗಿ ಮಾಡಲು ಸಮಯವಿದ್ದರೆ, ಇದನ್ನೇ ಮಾಡಿ. ಸಭೆಯಲ್ಲಿ ಬಂದ ಪ್ರತಿ ಬೇಡಿಕೆಗೂ ಎಕ್ಸೆಲ್‌ನಲ್ಲಿ ಒಂದು ಸಾಲು ಕೊಡಿ. ಮುಂದೆ ಅಂಕಣಗಳು: ವಾರ್ಡ್ ಸಭೆಯಲ್ಲಿ ಬಂದಿತ್ತೇ, ಗ್ರಾಮಸಭೆಯಲ್ಲಿ ಯಾರು ಹೇಳಿದರು, ನಡವಳಿಯಲ್ಲಿ ಸೇರಿತೇ, ಸೇರಿದ್ದರೆ ಯಾವ ಮಾತುಗಳಲ್ಲಿ, ಕ್ರಿಯಾ ಯೋಜನೆಗೆ ಬಂತೇ, ಯಾವ ಅನುದಾನದಲ್ಲಿ, ಕೆಲಸ ಶುರುವಾಯಿತೇ, ನೆಲದ ಮೇಲೆ ಎಲ್ಲಿದೆ. ಕೊನೆಯ ಅಂಕಣ ತುಂಬಲು ಕೈನಕ್ಷೆ ಹಿಡಿದು ನಡೆಯಬೇಕು. ಹರಿಜನ ಕೇರಿ ಎಂದೇ ಇನ್ನೂ ಕರೆಸಿಕೊಳ್ಳುತ್ತಿರುವ ಓಣಿಯವರು ಕೇಳಿದ ಚರಂಡಿ, ಅದೇ ಹೆಸರಿನ ಕೆಲಸವಾಗಿ ಊರ ಅಗಸಿಯ ಹತ್ತಿರ ಆಗಿರುವುದುಂಟು. ಕಾಗದ ನೋಡಿದರೆ ಬೇಡಿಕೆ ಈಡೇರಿದೆ.

ಆಗದೆ ಉಳಿದ ಬೇಡಿಕೆಗೆ ಪಂಚಾಯಿತಿಯನ್ನು ದೂರುವ ಮುಂಚೆ ದುಡ್ಡಿನ ಕಟ್ಟುಪಾಡು ನೋಡಿ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿದ್ದು. ಉಳಿದ ಶೇ 40ರಲ್ಲಿ ಮಾತ್ರ ಊರಿಗೆ ಆಯ್ಕೆಯ ಅವಕಾಶ ಇತ್ತು. ಉದ್ಯೋಗ ಖಾತ್ರಿಯಲ್ಲಿ ಯಾವ ಕಾಮಗಾರಿ ಮಾಡಬಹುದು ಎಂಬ ಪಟ್ಟಿ ಮೇಲಿನಿಂದಲೇ ಬಂದಿರುತ್ತದೆ. ಜನ ರಸ್ತೆ ಕೇಳಿದರು, ಬಂದದ್ದು ಚರಂಡಿ. ಇದು ಜನರ ಮಾತಿಗೆ ಬೆಲೆ ಕೊಡದ್ದರಿಂದಲೋ, ಕೈಯಲ್ಲಿದ್ದ ದುಡ್ಡಿಗೆ ಬೇರೆ ಹೆಸರು ಬರೆದಿದ್ದರಿಂದಲೋ? ಎರಡಕ್ಕೂ ಪರಿಹಾರ ಬೇರೆ ಬೇರೆ, ಆದ್ದರಿಂದ ಬಿಡಿಸಿ ತೋರಿಸುವುದು ಸಂಶೋಧಕರ ಹೊಣೆ. ಜನರೆದುರು ಪಿಡಿಒ ಈ ಕಟ್ಟುಪಾಡನ್ನು ವಿವರಿಸಿದರೋ, ಸುಮ್ಮನೆ ಅನುದಾನವಿಲ್ಲ ಎಂದರೋ ಎಂಬುದನ್ನೂ ಗುರುತಿಸಿ. ಕಾರಣ ತಿಳಿಯದೆ ಬರಿಗೈಲಿ ಮರಳಿದವರು ಮುಂದಿನ ಸಭೆಗೆ ಬರುತ್ತಾರೆಯೇ ಎಂದು ವಿಚಾರಿಸಿ.

## ಹಂತ 8: ಈಗ ಪ್ರಶ್ನಾವಳಿ

ಇಷ್ಟು ಆದ ಮೇಲೆ ಏನು ಕೇಳಬೇಕೆಂದು ನಿಮಗೇ ಗೊತ್ತಿರುತ್ತದೆ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ಗ್ರಾಮಸಭೆಯಲ್ಲಿ ಭಾಗವಹಿಸುತ್ತೀರಾ?" ಎಂಬ ಪ್ರಶ್ನೆಯನ್ನು ಹೀಗೆ ಒಡೆಯಿರಿ: "ಹೋದ ಸಲ ಸಭಿ ಎಲ್ಲಿ ಆಗಿತ್ರಿ? ಅದು ಅದ ಅಂತ ನಿಮಗ ಯಾರು ಹೇಳಿದ್ರು? ನೀವು ಎಲ್ಲಿ ಕುಂತಿದ್ರಿ? ಏನರ ಕೇಳಿದ್ರೇನ್ರಿ? ಆಮ್ಯಾಲೆ ಏನಾಯ್ತ್ರಿ?" ಎರಡನೇ ಪ್ರಶ್ನೆಗೇ ಮಾತು ನಿಂತರೆ ಅವರು ಸಭೆಗೆ ಹೋಗಿಲ್ಲ. ಸಭೆ ಎಂದರೆ ಸಂಘದ ಸಭೆ, ಪಕ್ಷದ ಸಭೆ, ಊರ ಹಿರಿಯರ ಪಂಚಾಯಿತಿ ಎಲ್ಲವೂ ಜನರ ಬಾಯಲ್ಲಿ ಒಂದೇ ಆಗಿರುವುದರಿಂದ ಜಾಗ ಮತ್ತು ದಿನ ಕೇಳಿಯೇ ಮುಂದೆ ಹೋಗಿ.

ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಓದಿದರೆ ಉತ್ತರವೂ ಪುಸ್ತಕದ್ದೇ ಬರುತ್ತದೆ. ಔರಾದ, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಎಲ್ಲೆಡೆ ಉರ್ದು ಮನೆಮಾತಿನವರಿದ್ದಾರೆ. ಭಾಷಾಂತರಕ್ಕೆ ಊರಿನ ಸದಸ್ಯರನ್ನೋ ಅವರ ಸಂಬಂಧಿಕರನ್ನೋ ಇಟ್ಟುಕೊಳ್ಳಬೇಡಿ. ಆಯ್ದ ಪಂಚಾಯಿತಿಯ ಹೊರಗಿನ ಊರಲ್ಲಿ ಮೊದಲು ಪರೀಕ್ಷಿಸಿ, ಅರ್ಥವಾಗದ ಪ್ರಶ್ನೆ ಕಿತ್ತುಹಾಕಿ. 20 ಪ್ರಶ್ನೆ ಮೀರಿದರೆ ಉತ್ತರಿಸುವವರು ತಾಳ್ಮೆ ಕಳೆದುಕೊಂಡು ಎಲ್ಲಕ್ಕೂ ಹೌದೆನ್ನುತ್ತಾರೆ.

ಮಾದರಿಯ ಲೆಕ್ಕದಲ್ಲಿ ಆಗುವ ತಪ್ಪು ಇದು. 4,000 ಮತದಾರರಿದ್ದರೆ ಶೇ 5ರ ದೋಷಮಿತಿಗೆ, ಎಷ್ಟು ಜನರನ್ನು ಕೇಳಬೇಕೆಂದು ಲೆಕ್ಕ ಹಾಕುವ ಯಮಾನೆ ಸೂತ್ರದಿಂದ 364 ಬರುತ್ತದೆ. ಸಂಖ್ಯೆಯನ್ನು ಠೀವಿಯಿಂದ ಬರೆದು, ಆ 364 ಜನರನ್ನು ಬಸ್‌ಸ್ಟ್ಯಾಂಡ್, ಹೋಟೆಲು, ಕಚೇರಿ ಎದುರಿನಿಂದ ತುಂಬಿಸುತ್ತಾರೆ. ಯದ್ವಾತದ್ವಾ ಸಿಕ್ಕವರಿಗೆ ಆ ಸೂತ್ರ ಅನ್ವಯಿಸುವುದೇ ಇಲ್ಲ. ಮತದಾರರ ಪಟ್ಟಿಯಿಂದ ಕ್ರಮವಾಗಿ ತೆಗೆದ 200 ಜನ ಅದಕ್ಕಿಂತ ಎಷ್ಟೋ ಮೇಲು. 4,000ಕ್ಕೆ 200 ಎಂದರೆ 20ಕ್ಕೆ ಒಬ್ಬರು. 1ರಿಂದ 20ರೊಳಗೆ ಚೀಟಿ ಎತ್ತಿ, 7 ಬಂದರೆ 7, 27, 47 ಹೀಗೆ ಮುಂದುವರಿಯಿರಿ.

ಪಟ್ಟಿಯಲ್ಲಿ ಬಂದವರು ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವರನ್ನು ತುಂಬಿಸಬೇಡಿ. ಬೆಳಿಗ್ಗೆ, ಸಂಜೆ, ಇನ್ನೊಂದು ವಾರ ಹೀಗೆ ಮೂರು ಸಲ ಹೋಗಿ. ಆಗಲೂ ಸಿಗದಿದ್ದರೆ ಗುಳೆ, ಮದುವೆಯಾಗಿ ಹೋಗಿದ್ದಾರೆ, ತೀರಿಕೊಂಡಿದ್ದಾರೆ ಎಂದು ಕಾರಣ ಬರೆಯಿರಿ. ಗ್ರಾಮಸಭೆಯ ಸದಸ್ಯರಲ್ಲಿ ಎಷ್ಟು ಮಂದಿ ಸಭೆಯ ದಿನ ಊರಲ್ಲೇ ಇರಲು ಸಾಧ್ಯವಿಲ್ಲ ಎಂಬುದು ಯಾದಗಿರಿ, ಕಲಬುರಗಿಯ ಮಟ್ಟಿಗೆ ದೊಡ್ಡ ಫಲಿತಾಂಶ. ಪಕ್ಕದ ಮನೆಯವರನ್ನು ತುಂಬಿಸಿದ ಪ್ರಬಂಧದಲ್ಲಿ ಅದು ಅಳಿಸಿಹೋಗಿರುತ್ತದೆ.

"ಮನ್ಯಾಗಿನ ಗಂಡಸರಿಗಿ ಕೇಳ್ರಿ, ನಮಗೇನ್ ತಿಳೀತದ" ಎಂದು ಹೆಣ್ಣುಮಕ್ಕಳು ಹೇಳಿದಾಗ ಎದ್ದುಬರಬೇಡಿ. ನೀರು ಎಲ್ಲಿಂದ ತರುತ್ತೀರಿ ಯವ್ವಾ ಎಂದು ಶುರುಮಾಡಿ, ಆ ನೀರಿನ ಮಾತನ್ನು ಎಂದಾದರೂ ಯಾರ ಹತ್ತಿರವಾದರೂ ಹೇಳಿದ್ದೀರಾ ಎಂದು ಮುಂದುವರಿಯಿರಿ. ಸಭೆಗೆ ಹೋಗದೆಯೂ ವಾಟರ್‌ಮ್ಯಾನ್ ಮೂಲಕ, ಸಂಘದ ಮೂಲಕ ಬೇಡಿಕೆ ಮುಟ್ಟಿಸುವ ದಾರಿಗಳು ಆಗ ಹೊರಬರುತ್ತವೆ. ಅವನ್ನು ಬೇಡಿಕೆಯ ಕೋಷ್ಟಕಕ್ಕೆ ಸೇರಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು. ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ನಂತರ ಕೆಲಸ ಮಾಡಿ.

## ಹಂತ 9: ಲೆಕ್ಕ ಮತ್ತು ಬರವಣಿಗೆ

12 ಜನರಲ್ಲಿ 3 ಜನರನ್ನು ಶೇ 25 ಎಂದು ಬರೆಯಬೇಡಿ, 12ರಲ್ಲಿ 3 ಎಂದೇ ಬರೆಯಿರಿ. ಎರಡು ವಿಷಯಗಳಿಗೆ ಸಂಬಂಧವಿದೆಯೇ ಎಂದು ನೋಡುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಮಾಡುವಾಗ ಕೋಷ್ಟಕದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಚೌಕಗಳು ಹೆಚ್ಚಿದ್ದರೆ ಆ ಫಲಿತಾಂಶ ನೆಚ್ಚಬೇಡಿ. ಓದಿದವರು ಹೆಚ್ಚು ಮಾತಾಡಿದರು ಎಂದು ಕಂಡರೆ ಓದಿನಿಂದಲೇ ಮಾತು ಬಂತು ಎಂದು ಹಾರಬೇಡಿ. ಜಮೀನು, ಜಾತಿ, ಸದಸ್ಯರ ಸಂಬಂಧ ಇವನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡು ಪಂಚಾಯಿತಿ ನೋಡಿ ಇಡೀ ಕಲ್ಯಾಣ ಕರ್ನಾಟಕಕ್ಕೆ ಸಲಹೆ ಕೊಡಬೇಡಿ.

ಹೆಸರು ಮರೆಮಾಚುವುದರಲ್ಲಿ ಒಂದು ಸೂಕ್ಷ್ಮವಿದೆ. ಊರಿನ ಹೆಸರು ಬದಲಿಸಿ, "ಪರಿಶಿಷ್ಟ ಜಾತಿಯ ಮಹಿಳಾ ಸದಸ್ಯೆ, ವಾರ್ಡ್ 4, ಅಂಗನವಾಡಿ ಸಹಾಯಕಿಯಾಗಿದ್ದವರು" ಎಂದು ಬರೆದರೆ ಆ ಭಾಗದವರಿಗೆ ಯಾರೆಂದು ತಕ್ಷಣ ತಿಳಿಯುತ್ತದೆ. ಜಾತಿ, ವಾರ್ಡ್, ಉದ್ಯೋಗ ಮೂರರಲ್ಲಿ ವಾದಕ್ಕೆ ಬೇಕಾದ ಒಂದನ್ನು ಮಾತ್ರ ಉಳಿಸಿ. ಮಾರ್ಗದರ್ಶಕರು ವಿವರ ಸಾಲದು ಎಂದರೂ ಇದರಲ್ಲಿ ಬಿಟ್ಟುಕೊಡಬೇಡಿ, ಪ್ರಬಂಧ ಸಲ್ಲಿಸಿ ನೀವು ಹೋಗುತ್ತೀರಿ, ಅವರು ಅದೇ ಊರಲ್ಲಿ ಬದುಕಬೇಕು.

ಸಲ್ಲಿಸುವ ಮುಂಚೆ ಮುಖ್ಯ ಫಲಿತಾಂಶಗಳನ್ನು ಎರಡು ಪುಟದ ಸರಳ ಕನ್ನಡದಲ್ಲಿ ಬರೆದು ಊರಿಗೆ ಹೋಗಿ ಓದಿ ಹೇಳಿ. ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ, ಕೇರಿಯಲ್ಲಿ ಒಮ್ಮೆ, ತಾಂಡಾದಲ್ಲಿ ಒಮ್ಮೆ, ಬೇರೆ ಬೇರೆಯಾಗಿ. ಪಿಡಿಒ ಆಕ್ಷೇಪ ಎತ್ತಿದರೆ ದಾಖಲೆಯ ಪುಟ ತೋರಿಸಿ, ಅವರ ಬಳಿ ಬೇರೆ ದಾಖಲೆ ಇದ್ದರೆ ನೋಡಿ. "ಅದು ಹಂಗಲ್ರಿ, ಆ ಬೋರ್ ನಾವು ಕೇಳಿದ್ದಲ್ಲ" ಎಂದು ಕೇರಿಯವರು ಹೇಳಿದರೆ ಬೇಡಿಕೆಯ ಕೋಷ್ಟಕದ ಆ ಸಾಲನ್ನು ಮತ್ತೆ ಪರಿಶೀಲಿಸಿ. ಏನು ತಿದ್ದಿದಿರಿ, ಯಾವ ಆಕ್ಷೇಪವನ್ನು ಯಾಕೆ ಒಪ್ಪಲಿಲ್ಲ ಎಂಬುದನ್ನು ಅನುಬಂಧದಲ್ಲಿ ಹಾಕಿ, ಆ ಮೇಲೆ ಪ್ರಬಂಧವನ್ನು ಬೈಂಡಿಂಗ್‌ಗೆ ಕೊಡಿ.